ಕಣ್ಣೀರು ಕೇಳದ ಪುಸ್ತಕಗಳು

ಕೇಳುಗರಿಗೆಲ್ಲ ನಮಸ್ಕಾರ.

ಈಚೆಗೆ ಓದಿದ ಕೆಲವು ಪುಸ್ತಕಗಳ ಬಗ್ಗೆ ಮಾತಾಡೋಣ ಅಂತ ಬಂದಿದ್ದೇನೆ. ವಿಮರ್ಶೆ ಮಾಡುವಷ್ಟು ದೊಡ್ಡವನಲ್ಲ. ಓದುವಾಗ ನನಗೇನಾಯಿತು ಅನ್ನೋದನ್ನು ಹೇಳುತ್ತೇನೆ, ಅಷ್ಟೆ. ಇವುಗಳಲ್ಲಿ ಕಾದಂಬರಿ ಇದೆ, ಆತ್ಮಕತೆ ಇದೆ, ಚಿತ್ರಗಳಲ್ಲೇ ಕತೆ ಹೇಳುವ ಗ್ರಾಫಿಕ್ ಪುಸ್ತಕಗಳೂ ಇವೆ. ಲೆಕ್ಕ ಹಾಕಿ ಆರಿಸಿದ್ದಲ್ಲ. ಕೈಗೆ ಸಿಕ್ಕಿದ್ದನ್ನು ಓದುತ್ತಾ ಹೋದೆ. ಆದರೆ ಮನಸ್ಸಲ್ಲಿ ಕೂತವೆಲ್ಲ ಒಂದೇ ಬಗೆಯವು. ಓದುಗನನ್ನು ಅಳಿಸಿಯೇ ತೀರುತ್ತೇನೆ ಅಂತ ಹಟ ಹಿಡಿಯದ ಪುಸ್ತಕಗಳು.

ಮೊದಲು ‘ಮೌಸ್’. ಬರೆದವರು, ಚಿತ್ರಿಸಿದವರು ಎರಡೂ ಅಮೆರಿಕದ ಆರ್ಟ್ ಸ್ಪೀಗಲ್‌ಮನ್. ಮೊದಲ ಭಾಗ 1986ರಲ್ಲಿ ಪುಸ್ತಕವಾಗಿ ಬಂತು, ಎರಡನೆಯದು 1991ರಲ್ಲಿ. ಮರುವರ್ಷ ವಿಶೇಷ ಪುಲಿಟ್ಜರ್ ಪ್ರಶಸ್ತಿ ಸಿಕ್ಕಿತು. ಅವರ ತಂದೆ ವ್ಲಾಡೆಕ್ ಪೋಲೆಂಡಿನ ಯಹೂದಿ. ನಾಜಿಗಳ ಸಾವಿನ ಶಿಬಿರ ಆಶ್ವಿಟ್ಜ್‌ಗೆ ಹೋಗಿ ಬದುಕಿ ಬಂದವರು. ಮಗ ಅಪ್ಪನ ಎದುರು ಕೂತು ಆ ಕತೆಯನ್ನೆಲ್ಲ ಕೇಳಿ ಬರೆದುಕೊಳ್ಳುತ್ತಾನೆ. ಚಿತ್ರಗಳಲ್ಲಿ ಯಹೂದಿಗಳಿಗೆ ಇಲಿಯ ಮುಖ, ಜರ್ಮನ್ನರಿಗೆ ಬೆಕ್ಕಿನ ಮುಖ.

ಅಷ್ಟೆಲ್ಲ ಅನುಭವಿಸಿದ ಮನುಷ್ಯ ಸಂತನ ಹಾಗೆ ಇರಬೇಕು ಅಲ್ವಾ? ಈ ವ್ಲಾಡೆಕ್ ಜೊತೆ ಒಂದು ಹಗಲು ಕಳೆಯೋದೇ ಕಷ್ಟ. ಮಹಾ ಜಿಪುಣ. ಬೀದಿಯಲ್ಲಿ ಬಿದ್ದ ತಂತಿಯ ತುಂಡನ್ನೂ ಎತ್ತಿಕೊಳ್ಳುತ್ತಾನೆ. ಎರಡನೇ ಹೆಂಡತಿಯನ್ನು ಮಾತುಮಾತಿಗೂ ಚುಚ್ಚುತ್ತಾನೆ. ಒಡೆದು ತಿಂದು ಉಳಿದ ಪೊಟ್ಟಣಗಳನ್ನು ಅಂಗಡಿಗೆ ಹೊತ್ತುಕೊಂಡು ಹೋಗಿ ವಾಪಸ್ ಕೊಟ್ಟು ಬರುತ್ತಾನೆ. ಮಗ, ಸೊಸೆಗೆ ಮುಖ ಎಲ್ಲಿ ಇಟ್ಟುಕೊಳ್ಳಬೇಕೋ ತಿಳಿಯುವುದಿಲ್ಲ.

ಒಂದು ಪ್ರಸಂಗ ಕೇಳಿ. ಬೇಸಿಗೆ ಕಳೆಯಲು ಹಿಡಿದ ಬಾಡಿಗೆ ಮನೆ. ಗ್ಯಾಸಿನ ಖರ್ಚು ಬಾಡಿಗೆಯಲ್ಲೇ ಸೇರಿದೆ. ಅದಕ್ಕೇ ವ್ಲಾಡೆಕ್ ಒಲೆಯನ್ನು ಆರಿಸುವುದೇ ಇಲ್ಲ, ಉರಿಯುತ್ತಲೇ ಇರಲಿ ಅನ್ನುತ್ತಾನೆ. ಆರಿಸಿದರೆ ಮತ್ತೆ ಹಚ್ಚಲು ಬೆಂಕಿಕಡ್ಡಿ ಬೇಕಲ್ಲ! ಗ್ಯಾಸು ಪುಕ್ಕಟೆ, ಕಡ್ಡಿಗೆ ಕಾಸು. ನಾನು ಜೋರಾಗಿ ನಕ್ಕೆ. ಮುಂದಿನ ಅಧ್ಯಾಯದಲ್ಲಿ ಇದೇ ಮನುಷ್ಯ ವಿಷಾನಿಲದ ಕೋಣೆಗಳ ವಿಚಾರ ಹೇಳುತ್ತಾನೆ. ಯಾವ ಬಾಗಿಲು, ಯಾವ ಕಡೆಗೆ ಒಲೆಗಳು, ಎಲ್ಲ ನಕ್ಷೆ ಸಮೇತ ಬರುತ್ತದೆ. ಈ ಗ್ಯಾಸಿಗೂ ಆ ಗ್ಯಾಸಿಗೂ ಲೇಖಕ ಗಂಟು ಹಾಕುವುದಿಲ್ಲ. ಗಂಟು ಹಾಕಿದ್ದು ನಾನು. ಅದೂ ಪುಸ್ತಕ ಮುಚ್ಚಿ ಮಲಗಿದ ಮೇಲೆ. ಆಮೇಲೆ ನಿದ್ದೆ ಬರಲಿಲ್ಲ.

ಇನ್ನೊಂದು ಕಡೆ ಸೊಸೆ ದಾರಿಯಲ್ಲಿ ಕೈ ತೋರಿಸಿದ ಒಬ್ಬ ಕಪ್ಪು ಮನುಷ್ಯನನ್ನು ಕಾರಿಗೆ ಹತ್ತಿಸಿಕೊಳ್ಳುತ್ತಾಳೆ. ವ್ಲಾಡೆಕ್ ಕುದಿಯುತ್ತಾನೆ. ಅವನ ಪ್ರಕಾರ ಆ ಜನರೆಲ್ಲ ಕಳ್ಳರು. ಹುಟ್ಟಿದ ಜನಾಂಗದ ಕಾರಣಕ್ಕೆ ಸಾವಿನ ಬಾಯಿಗೆ ಹೋಗಿ ಬಂದವನ ಮಾತು ಇದು! ಸೊಸೆ ಸುಮ್ಮನಿರುವುದಿಲ್ಲ. ನಾಜಿಗಳೂ ಯಹೂದಿಗಳ ಬಗ್ಗೆ ಹೀಗೇ ಮಾತಾಡುತ್ತಿದ್ದರಲ್ಲ ಅಂತ ಮುಖಕ್ಕೇ ಹೇಳುತ್ತಾಳೆ. ಅವನಿಗೆ ಅದು ನಾಟುವುದೇ ಇಲ್ಲ. ಕಷ್ಟಪಟ್ಟವರು ಒಳ್ಳೆಯವರಾಗುತ್ತಾರೆ ಅಂತ ನಾವು ಸುಮ್ನೆ ನಂಬಿಕೊಂಡಿರುತ್ತೇವೆ. ಸ್ಪೀಗಲ್‌ಮನ್ ಆ ನಂಬಿಕೆಗೆ ಒಂದಿಷ್ಟೂ ನೀರೆರೆಯುವುದಿಲ್ಲ. ತಮ್ಮ ಮೇಲೂ ಅವರಿಗೆ ದಯೆ ಇಲ್ಲ. ತಾಯಿ 1968ರಲ್ಲಿ ಆತ್ಮಹತ್ಯೆ ಮಾಡಿಕೊಂಡವರು. ಅವರು ಬರೆದಿಟ್ಟ ದಿನಚರಿಗಳನ್ನು ವ್ಲಾಡೆಕ್ ಸುಟ್ಟುಹಾಕಿರುತ್ತಾನೆ. ಅದು ತಿಳಿದಾಗ ಮಗ ಆ ಮುದುಕನನ್ನು ಕೊಲೆಗಾರ ಅನ್ನುತ್ತಾನೆ. ಮೊದಲ ಭಾಗ ಅಲ್ಲಿಗೆ ಮುಗಿಯುತ್ತದೆ. ಯಾರ ಕಡೆ ನಿಲ್ಲಬೇಕು? ನನಗಂತೂ ತೋಚಲಿಲ್ಲ.

ಒಂದು ತಕರಾರೂ ಇದೆ. ಪೋಲೆಂಡಿನ ಜನರಿಗೆಲ್ಲ ಹಂದಿಯ ಮುಖ ಕೊಟ್ಟಿದ್ದಾರೆ. ಕತೆಯೊಳಗೆ ಯಹೂದಿಗಳನ್ನು ಬಚ್ಚಿಟ್ಟು ಕಾಪಾಡಿದ ಪೋಲಿಷರೂ ಬರುತ್ತಾರೆ. ಅವರಿಗೂ ಅದೇ ಮುಖ. ಈ ಮುಖಗಳ ಆಟ ಎಲ್ಲಿಯವರೆಗೆ ನಡೆದೀತು ಅನ್ನೋ ಅನುಮಾನ ಸ್ಪೀಗಲ್‌ಮನ್ ಅವರಿಗೂ ಇತ್ತು ಅನ್ನಿಸುತ್ತದೆ. ಎರಡನೇ ಭಾಗದಲ್ಲಿ ತಮ್ಮನ್ನು ಮನುಷ್ಯನಾಗಿಯೇ ಬರೆದುಕೊಂಡಿದ್ದಾರೆ. ಮುಖಕ್ಕೆ ಇಲಿಯ ಮುಖವಾಡ ಕಟ್ಟಿದೆ, ಮೇಜಿನ ಕೆಳಗೆ ಹೆಣಗಳ ರಾಶಿ, ಸುತ್ತ ನೊಣ. ಆ ಪುಟ ದೊಡ್ಡದು. ಆದರೂ ನನ್ನ ತಕರಾರು ಪೂರ್ತಿ ಇಳಿದಿಲ್ಲ.

ಗ್ರಾಫಿಕ್ ಪುಸ್ತಕ ಅಂದರೆ ಒಂದೇ ಗುಕ್ಕಿಗೆ ಓದಿ ಮುಗಿಸಬಹುದು ಅಂತಾರೆ. ಬರೀ ಮಾತುಗಳನ್ನು ಓದಿಕೊಂಡು ಹೋದರೆ ಮುಗಿಸಬಹುದು. ‘ಭೀಮಾಯಣ’ವನ್ನು ಹಾಗೆ ಓದಿ ನೋಡಿ, ಏನೂ ಸಿಕ್ಕುವುದಿಲ್ಲ. 2011ರಲ್ಲಿ ಬಂದ ಈ ಪುಸ್ತಕ ಅಂಬೇಡ್ಕರ್ ಅವರ ಬದುಕಿನ ಪ್ರಸಂಗಗಳನ್ನು ಹೇಳುತ್ತದೆ. ಬರವಣಿಗೆ ಶ್ರೀವಿದ್ಯಾ ನಟರಾಜನ್ ಮತ್ತು ಎಸ್. ಆನಂದ್ ಅವರದು. ಚಿತ್ರಗಳು ಗೊಂಡ ಕಲಾವಿದರಾದ ದುರ್ಗಾಬಾಯಿ ವ್ಯಾಮ್, ಸುಭಾಷ್ ವ್ಯಾಮ್ ದಂಪತಿಯದು.

ಕಾಮಿಕ್ಸ್‌ನಲ್ಲಿ ಸಾಮಾನ್ಯವಾಗಿ ಚೌಕ, ಚೌಕದ ಪಕ್ಕ ಚೌಕ. ವ್ಯಾಮ್ ದಂಪತಿ ಅದಕ್ಕೆ ಒಪ್ಪಲಿಲ್ಲ. ಜನರನ್ನು ಡಬ್ಬಿಯೊಳಗೆ ತುಂಬಿದರೆ ಉಸಿರು ಕಟ್ಟುತ್ತದೆ ಅನ್ನೋದು ಅವರ ವಾದ. ಹಾಗಾಗಿ ಪುಟ ಬಯಲಿನಂತೆ ತೆರೆದುಕೊಂಡಿದೆ. ಮುಟ್ಟಬೇಡ, ಒಳಗೆ ಬರಬೇಡ ಅನ್ನಿಸಿಕೊಂಡವರ ಕತೆಗೆ ಬೇಲಿಯಿಲ್ಲದ ಪುಟ! ಮಾತು ಬರೆಯುವ ಬಲೂನುಗಳನ್ನಂತೂ ನೋಡಲೇಬೇಕು. ಮೆತ್ತಗಿನ ಮಾತಾದರೆ ಬಲೂನಿಗೆ ಹಕ್ಕಿಯ ಆಕಾರ. ಜಾತಿಯ ವಿಷ ಕಾರುವ ಮಾತಾದರೆ ಚೇಳಿನ ಬಾಲ. ಮಾತಿನ ಅರ್ಥ ತಲೆಗೆ ಹೋಗುವ ಮೊದಲೇ ಕೊಂಡಿ ಕಣ್ಣಿಗೆ ಬೀಳುತ್ತದೆ. ಬಾಯಿಗೂ ಮುಂಚೆ ಏಟು ಬೀಳುತ್ತದಲ್ಲ, ಆ ಹಾಗೆ.

ಹುಡುಗ ಭೀಮ ಅಣ್ಣನ ಜೊತೆ ಅಪ್ಪನನ್ನು ನೋಡಲು ರೈಲಿನಲ್ಲಿ ಹೊರಟ ಕತೆ ನಿಮಗೆ ಗೊತ್ತಿರಬಹುದು. 1901ರ ಮಾತು. ಒಳ್ಳೆ ಬಟ್ಟೆ ಹಾಕಿದ ಮಕ್ಕಳನ್ನು ಕಂಡು ಸ್ಟೇಷನ್ ಮಾಸ್ತರು ಅಕ್ಕರೆಯಿಂದ ಮಾತಾಡಿಸುತ್ತಾರೆ. ಅಸ್ಪೃಶ್ಯರೆನಿಸಿಕೊಂಡ ಮಹಾರರು ಅಂತ ತಿಳಿದ ಕೂಡಲೇ ಮುಖ ಬದಲಾಗುತ್ತದೆ. ಯಾವ ಬಂಡಿಯವನೂ ಹತ್ತಿಸಿಕೊಳ್ಳಲು ಒಪ್ಪುವುದಿಲ್ಲ. ಕೊನೆಗೆ ಒಬ್ಬ ದುಪ್ಪಟ್ಟು ಬಾಡಿಗೆಗೆ ಒಪ್ಪುತ್ತಾನೆ. ಆದರೆ ಬಂಡಿಯನ್ನು ಮಕ್ಕಳೇ ಹೊಡೆಯಬೇಕು, ಅವನು ಪಕ್ಕದಲ್ಲಿ ನಡೆದು ಬರುತ್ತಾನೆ. ಬುತ್ತಿ ಇದೆ, ಕುಡಿಯಲು ನೀರಿಲ್ಲ. ಇದನ್ನು ಅಂಬೇಡ್ಕರ್ ತಾವೇ ಬರೆದಿಟ್ಟಿದ್ದಾರೆ. ಅವರ ಬರಹದಲ್ಲೂ ಗೋಳಾಟ ಇಲ್ಲ. ಎಷ್ಟು ಹೊತ್ತಿಗೆ ಇಳಿದೆವು, ಯಾರು ಏನು ಕೇಳಿದರು, ಎಷ್ಟು ಕೊಟ್ಟೆವು ಅಂತ ಲೆಕ್ಕ ಒಪ್ಪಿಸಿದ ಹಾಗೆ ಬರೆಯುತ್ತಾರೆ.

ಮರ್ಜಾನೆ ಸತ್ರಪಿ ಅವರ ‘ಪರ್ಸೆಪೊಲಿಸ್’ ಬೇರೆ ಥರ. ಇರಾನಿನಲ್ಲಿ ಬೆಳೆದ ಹುಡುಗಿಯ ಕತೆ, ಫ್ರೆಂಚಿನಲ್ಲಿ 2000ದಿಂದ 2003ರವರೆಗೆ ಬಂತು. ಬರೀ ಕಪ್ಪು ಬಿಳುಪು. 1979ರ ಕ್ರಾಂತಿ ಆಗಿ ಮರುವರ್ಷ ಶಾಲೆಯಲ್ಲಿ ತಲೆವಸ್ತ್ರ ಕಡ್ಡಾಯವಾಗುತ್ತದೆ. ಹುಡುಗಿಯರು ಅದನ್ನು ಒಂದಕ್ಕೊಂದು ಗಂಟು ಹಾಕಿ ಹಗ್ಗದಾಟ ಆಡುತ್ತಾರೆ! ಈ ತುಂಟತನ ನನಗೆ ತುಂಬಾ ಹಿಡಿಸಿತು. ಪುಟ್ಟ ಮರ್ಜಿಯ ಹತ್ತಿರ ರಾತ್ರಿ ಹೊತ್ತು ದೇವರು ಬಂದು ಮಾತಾಡುತ್ತಾನೆ. ನೋಡಲು ಹೆಚ್ಚುಕಡಿಮೆ ಕಾರ್ಲ್ ಮಾರ್ಕ್ಸ್ ಥರ ಇದ್ದಾನೆ, ಮಾರ್ಕ್ಸ್ ಕೂದಲು ಸ್ವಲ್ಪ ಜಾಸ್ತಿ ಗುಂಗುರು ಅಷ್ಟೆ. ಅನೂಶ್ ಅಂತ ಅವಳ ಅಪ್ಪನ ಸೋದರ. ಜೈಲಿನಲ್ಲಿದ್ದಾಗ ರೊಟ್ಟಿಯ ತಿರುಳಿನಿಂದ ಹಂಸ ಮಾಡಿದ್ದನ್ನು ಅವಳಿಗೆ ಕೊಡುತ್ತಾನೆ. ಅವನಿಗೆ ಮರಣದಂಡನೆ ಆದ ದಿನ ಅವಳು ದೇವರನ್ನು ಕೋಣೆಯಿಂದ ಆಚೆ ಅಟ್ಟಿಬಿಡುತ್ತಾಳೆ. ಆಮೇಲಿನ ಚಿತ್ರದಲ್ಲಿ ಕಪ್ಪು ಆಕಾಶದ ನಡುವೆ ಒಂಟಿ ಹುಡುಗಿ ತೇಲುತ್ತಿದ್ದಾಳೆ, ಅಷ್ಟೇ. ಆ ಪುಟದಿಂದ ಮುಂದೆ ಹೋಗಲು ನನಗೆ ಹೊತ್ತು ಹಿಡಿಯಿತು. ವಿಯೆನ್ನಾಕ್ಕೆ ಹೋದ ಮೇಲಿನ ಭಾಗ ಅಷ್ಟು ಇಷ್ಟವಾಗಲಿಲ್ಲ. ಅಲ್ಲಿ ಅವಳು ದೊಡ್ಡವಳಾಗುತ್ತಾಳೆ, ಎಲ್ಲವನ್ನೂ ಬಿಡಿಸಿ ಹೇಳಲು ಶುರು ಮಾಡುತ್ತಾಳೆ.

ಈಗ ಚಿತ್ರಗಳಿಲ್ಲದ ಪುಸ್ತಕಗಳಿಗೆ ಬರುತ್ತೇನೆ. 2022ರಲ್ಲಿ ನೊಬೆಲ್ ಪಡೆದ ಫ್ರಾನ್ಸಿನ ಆನಿ ಎರ್ನೋ 1983ರಲ್ಲಿ ತಮ್ಮ ತಂದೆಯ ಬಗ್ಗೆ ಒಂದು ಸಣ್ಣ ಪುಸ್ತಕ ಬರೆದರು. ಫ್ರೆಂಚಿನಲ್ಲಿ ‘ಲಾ ಪ್ಲಾಸ್’. ನಾನು ಓದಿದ್ದು ಇಂಗ್ಲಿಷಿನಲ್ಲಿ. ತಂದೆ ಹೊಲದಲ್ಲಿ ದುಡಿದು, ಕಾರ್ಖಾನೆಯಲ್ಲಿ ದುಡಿದು, ಕೊನೆಗೆ ನಾರ್ಮಂಡಿಯ ಇವ್‌ಟೊ ಅನ್ನುವ ಊರಿನಲ್ಲಿ ಒಂದು ಚಿಕ್ಕ ಕೆಫೆ, ಅದಕ್ಕೆ ಅಂಟಿಕೊಂಡಂತೆ ದಿನಸಿ ಅಂಗಡಿ ಇಟ್ಟವರು. ಮಗಳು ಓದಿ ಮೇಷ್ಟರಾದಳು. ಅಪ್ಪ ಒಂದು ದಡದಲ್ಲಿ ಉಳಿದರು, ಮಗಳು ಇನ್ನೊಂದು ದಡಕ್ಕೆ ಹೋದಳು. ಅಪ್ಪನ ಬಗ್ಗೆ ಮೊದಲು ಕಾದಂಬರಿ ಬರೆಯಲು ಹೊರಟು, ಅಲಂಕಾರ ಮಾಡಿದರೆ ಅವರಿಗೆ ಅನ್ಯಾಯವಾಗುತ್ತದೆ ಅನ್ನಿಸಿ, ಎರ್ನೋ ಅದನ್ನು ಕೈಬಿಟ್ಟರು. ಉಪಮೆ ಇಲ್ಲ, ಹೊಗಳಿಕೆ ಇಲ್ಲ, ಅಯ್ಯೋ ಪಾಪ ಇಲ್ಲ.

ಇದರಲ್ಲಿ ಒಂದು ಘಟನೆ ಬರುತ್ತದೆ. ಅಪ್ಪ, ಮಗಳು ಮೊದಲ ಸಲ ಊರಿನ ಗ್ರಂಥಾಲಯಕ್ಕೆ ಹೋಗುತ್ತಾರೆ. ಒಳಗೆ ಪೂರ್ತಿ ನಿಶ್ಶಬ್ದ. ಕಟ್ಟೆಯ ಹಿಂದೆ ಕೂತವರು ಯಾವ ಪುಸ್ತಕ ಬೇಕು ಅಂತ ಕೇಳುತ್ತಾರೆ. ಇಬ್ಬರೂ ತಬ್ಬಿಬ್ಬು! ಹೆಸರು ಮೊದಲೇ ಗೊತ್ತಿರಬೇಕು ಅನ್ನೋದು ಅವರಿಗೆ ಹೊಳೆದೇ ಇರಲಿಲ್ಲ. ಕೊನೆಗೆ ಗ್ರಂಥಾಲಯದವರೇ ಮಗಳಿಗೊಂದು, ಅಪ್ಪನಿಗೊಂದು ಆರಿಸಿ ಕೊಡುತ್ತಾರೆ. ಅವರಿಬ್ಬರೂ ಮತ್ತೆ ಆ ಕಡೆ ತಲೆ ಹಾಕುವುದಿಲ್ಲ. ಪುಸ್ತಕ ವಾಪಸ್ ಮಾಡಲು ಅಮ್ಮ ಹೋಗಬೇಕಾಗುತ್ತದೆ. ಕೆಲವೇ ಸಾಲು. ಅಪ್ಪನಿಗೆ ಎಷ್ಟು ಅವಮಾನ ಆಯಿತು ಅಂತ ಎರ್ನೋ ಒಂದು ಮಾತು ಬರೆದಿದ್ದರೂ ನಾನು ಬರೀ ತಲೆದೂಗಿ ಮುಂದೆ ಹೋಗುತ್ತಿದ್ದೆ. ಬರೆಯದೇ ಇದ್ದದ್ದಕ್ಕೆ, ಆ ಕಟ್ಟೆಯ ಮುಂದೆ ನಾನೇ ನಿಂತ ಹಾಗೆ ಕಿವಿ ಬಿಸಿಯಾಯಿತು.

ಜೋನ್ ಡಿಡಿಯನ್ ಅವರ ‘ದ ಇಯರ್ ಆಫ್ ಮ್ಯಾಜಿಕಲ್ ಥಿಂಕಿಂಗ್’ ಬಗ್ಗೆ ಒಂದೇ ಮಾತು. 2003ರ ಡಿಸೆಂಬರಿನಲ್ಲಿ ಅವರ ಪತಿ ಹಠಾತ್ತನೆ ತೀರಿಕೊಂಡರು. ಬಟ್ಟೆಬರೆಗಳನ್ನು ಯಾರಿಗಾದರೂ ಕೊಡೋಣ ಅಂತ ಹೊರಟ ಡಿಡಿಯನ್, ಶೂಗಳ ಹತ್ತಿರ ಬಂದು ನಿಂತುಬಿಡುತ್ತಾರೆ. ವಾಪಸ್ ಬಂದರೆ ಹಾಕಿಕೊಳ್ಳಲು ಬೇಕಲ್ಲ! ಇಷ್ಟು ಸತ್ಯವಾದ ಸಾಲುಗಳಿದ್ದರೂ ಈ ಪುಸ್ತಕ ನನ್ನನ್ನು ಸ್ವಲ್ಪ ದೂರವೇ ನಿಲ್ಲಿಸಿತು. ವೈದ್ಯಕೀಯ ವಿವರಗಳ ಮಧ್ಯೆ ಎರಡು ಮೂರು ಕಡೆ ಪುಟ ಹಾರಿಸಿದೆ.

ಸಿದ್ಧಲಿಂಗಯ್ಯನವರ ‘ಊರುಕೇರಿ’ಯನ್ನು ಈಗ ಮತ್ತೊಮ್ಮೆ ಓದಿದೆ. ಹೊಲೆಮಾದಿಗರ ಹಾಡು ಬರೆದ ಸಿಟ್ಟಿನ ಕವಿ ಆತ್ಮಕತೆಯಲ್ಲಿ ನಗಿಸುತ್ತಾ ಹೋಗುತ್ತಾರೆ. ಶುರುವಿನಲ್ಲೇ ಒಂದು ದೃಶ್ಯ. ಹೊಲದಲ್ಲಿ ಇಬ್ಬರ ಹೆಗಲ ಮೇಲೆ ನೊಗ, ಹಿಂದೆ ಒಬ್ಬ ಉಳುತ್ತಿದ್ದಾನೆ. ಎತ್ತುಗಳ ಜಾಗದಲ್ಲಿ ಮನುಷ್ಯರು. ನೋಡುವ ಹುಡುಗನಿಗೆ ಮೊದಲು ತಮಾಷೆ ಅನ್ನಿಸುತ್ತದೆ. ಆಮೇಲೆ ಗುರುತು ಸಿಗುತ್ತದೆ, ನೊಗ ಹೊತ್ತವರಲ್ಲಿ ಒಬ್ಬರು ಅಪ್ಪ. ಸಂಕಟವಾಯಿತು ಅಂತ ಹೇಳಿ ಕತೆ ಮುಂದೆ ಹೋಗುತ್ತದೆ. ಮುಂದೆ ಹೋಗುತ್ತದೆ ಅನ್ನೋದೇ ಎದೆಗೆ ಒದ್ದ ಹಾಗೆ ಆಗುವುದು. ಬೇರೆ ಯಾರೇ ಆದರೂ ಅಲ್ಲಿ ಒಂದು ಅಧ್ಯಾಯ ಕೂತುಬಿಡುತ್ತಿದ್ದರು. ಮುಂದಿನ ಪುಟಗಳಲ್ಲಿ ನಗು ಬಂದಾಗಲೆಲ್ಲ ನನಗೆ ಆ ನೊಗ ನೆನಪಾಗುತ್ತಿತ್ತು. ಆದರೂ ನಗುತ್ತಿದ್ದೆ.

ಇವೆಲ್ಲದರ ನಡುವೆ ಒಂದು ದಪ್ಪ ಕಾದಂಬರಿಯನ್ನೂ ಓದಿದೆ. ಹೆಸರು ಬೇಡ. ಅದರಲ್ಲಿ ಯಾರಾದರೂ ಅತ್ತರೆ, ಯಾಕೆ ಅತ್ತರು ಅಂತ ಅರ್ಧ ಪುಟ. ಆ ಅಳು ಎಷ್ಟು ಆಳವಾದದ್ದು ಅಂತ ಇನ್ನರ್ಧ ಪುಟ. ನನಗೆ ಮಾಡಲು ಏನೂ ಕೆಲಸ ಉಳಿದಿರಲಿಲ್ಲ. ಹಟಕ್ಕೆ ಬಿದ್ದು ಮುಗಿಸಿದೆ.

ಹಾಗಾದರೆ ಕಡಿಮೆ ಹೇಳಿದ್ದೆಲ್ಲ ಒಳ್ಳೆಯದಾ? ಹಾಗೆ ಅನ್ನಲು ಹೊರಟಾಗ ವಿವೇಕ ಶಾನಭಾಗರ ‘ಘಾಚರ್ ಘೋಚರ್’ ಅಡ್ಡ ಬಂತು. 2013ರ ಕಿರು ಕಾದಂಬರಿ. ಕತೆ ಹೇಳುವವನಿಗೆ ಹೆಸರೇ ಇಲ್ಲ. ಚಿಕ್ಕಪ್ಪನ ಮಸಾಲೆ ವ್ಯಾಪಾರದಿಂದ ಮನೆಗೆ ದುಡ್ಡು ಬಂದಿದೆ. ಇವನು ಹೆಸರಿಗೆ ಆ ಕಂಪನಿಯ ನಿರ್ದೇಶಕ. ಮಾಡುವ ಕೆಲಸ ಏನೂ ಇಲ್ಲ, ಕಾಫಿ ಹೌಸಿನಲ್ಲಿ ಕೂರುತ್ತಾನೆ. ಬಡತನದ ದಿನಗಳಲ್ಲಿ ಮನೆಗೆ ನುಗ್ಗುತ್ತಿದ್ದ ಇರುವೆಗಳನ್ನು ಮನೆಯವರು ಹೇಗೆ ಹೊಸಕಿ ಹಾಕುತ್ತಿದ್ದರು ಅಂತ ಆರಾಮಾಗಿ ವಿವರಿಸುತ್ತಾನೆ. ಚಿಕ್ಕಪ್ಪನನ್ನು ಹುಡುಕಿಕೊಂಡು ಒಬ್ಬ ಹೆಂಗಸು ಮನೆ ಬಾಗಿಲಿಗೆ ಬಂದಾಗ ಅವಳನ್ನು ಹೀನಾಮಾನ ಬೈದು ಅಟ್ಟುತ್ತಾರೆ. ಅದನ್ನೂ ಹೇಳುತ್ತಾನೆ. ತಡೆದೆ ಅಂತ ಹೇಳುವುದಿಲ್ಲ, ಯಾಕೆಂದರೆ ತಡೆಯಲಿಲ್ಲ.

ಮೊದಲ ಓದಿನಲ್ಲಿ ಇವನ ಮೆಲುದನಿ ನನಗೆ ಹಿತವಾಗಿತ್ತು. ಅಬ್ಬರ ಇಲ್ಲ, ದೂರು ಇಲ್ಲ. ಎರಡನೇ ಓದಿನಲ್ಲಿ ಅದೇ ಮೆಲುದನಿ ಕೇಳಿ ಭಯವಾಯಿತು. ಎರ್ನೋ ಮಾತು ನುಂಗುವುದು ಅಪ್ಪನ ಮರ್ಯಾದೆ ಉಳಿಸಲು. ಈ ಮನುಷ್ಯ ಮಾತು ನುಂಗುವುದು ತನ್ನ ಊಟಕ್ಕೆ, ನಿದ್ದೆಗೆ ಕುಂದು ಬರದಿರಲಿ ಅಂತ. ಅವನು ಬಿಟ್ಟ ಜಾಗಗಳನ್ನು ತುಂಬುತ್ತಾ ಹೋದರೆ ನಾವು ಅವನ ಮನೆಯ ಗುಟ್ಟಿನಲ್ಲಿ ಪಾಲುದಾರರಾಗಿಬಿಡುತ್ತೇವೆ. ಕೊನೆಗೆ ಏನಾಗಿದೆ ಅಂತ ಕಾದಂಬರಿ ಬಾಯಿಬಿಟ್ಟು ಹೇಳುವುದಿಲ್ಲ. ನಾನೂ ಹೇಳುವುದಿಲ್ಲ, ನೀವು ಓದಬೇಕು.

ಸದ್ಯಕ್ಕೆ ಅಲಿಸನ್ ಬೆಕ್ಡೆಲ್ ಅವರ ‘ಫನ್ ಹೋಮ್’ ಓದುತ್ತಿದ್ದೇನೆ. 2006ರದು, ಗ್ರಾಫಿಕ್ ಆತ್ಮಕತೆ, ಮತ್ತೆ ಅಪ್ಪನದೇ ವಿಚಾರ. ಇವರು ಮಾತ್ರ ಧಾರಾಳವಾಗಿ ಮಾತಾಡುತ್ತಾರೆ, ಒಂದೇ ಘಟನೆಗೆ ಮತ್ತೆ ಮತ್ತೆ ಬರುತ್ತಾರೆ. ಇಷ್ಟೊತ್ತು ನಾನು ಹೇಳಿದ್ದಕ್ಕೆ ಪೂರ್ತಿ ಉಲ್ಟಾ. ಆದರೂ ಬಿಡಲು ಮನಸ್ಸು ಬರುತ್ತಿಲ್ಲ. ಯಾಕೆ ಅಂತ ಮುಗಿಸಿದ ಮೇಲೆ ನೋಡಬೇಕು. ನಮಸ್ಕಾರ.