ಕನ್ನಡಿ ತೋರಿಸೋ ಮುಖ, ಕ್ಯಾಮೆರಾ ತೋರಿಸೋ ಮುಖ

ಎಲ್ರಿಗೂ ನಮಸ್ಕಾರ. ನಮ್ಮ ಕೈ ನಮಗೆ ಕಾಣುತ್ತೆ, ಕಾಲು ಕಾಣುತ್ತೆ, ಆದ್ರೆ ನಮ್ಮ ಮುಖವನ್ನ ನಾವ್ಯಾರೂ ಇವತ್ತಿನವರೆಗೂ ನೇರವಾಗಿ ನೋಡೇ ಇಲ್ಲ. ಕನ್ನಡಿಯನ್ನೋ ಕ್ಯಾಮೆರಾವನ್ನೋ ನಂಬಬೇಕು, ಅವೆರಡೂ ಒಂದೇ ಮುಖ ತೋರಿಸಲ್ಲ. ಸೆಲ್ಫ್ ಪೋರ್ಟ್ರೇಟ್, ಅಂದ್ರೆ ತಮ್ಮ ಚಿತ್ರವನ್ನ ತಾವೇ ಬರ್ಕೊಳ್ಳೋದು, ಅದರ ಬಗ್ಗೆ ನನಗೆ ಹುಚ್ಚು ಹಿಡಿದಿದ್ದೇ ಈ ವಿಷ್ಯಕ್ಕೆ.

ಡಚ್ ಪೇಂಟರ್ ವ್ಯಾನ್ ಗೋ ಕಿವಿಗೆ ಬ್ಯಾಂಡೇಜ್ ಕಟ್ಕೊಂಡಿರೋ ಚಿತ್ರ ನೆನಪಿದ್ಯಾ, 1889ರದ್ದು? ಚಿತ್ರದಲ್ಲಿ ಪಟ್ಟಿ ಇರೋದು ಬಲಗಿವಿಗೆ, ಅವ್ರು ಕುಯ್ಕೊಂಡಿದ್ದು ಎಡಗಿವಿ. ಕನ್ನಡಿಯಲ್ಲಿ ಹೇಗೆ ಕಂಡ್ತೋ ಹಾಗೇ ಬರೆದ್ರು, ಅಷ್ಟೇ. ಅದಕ್ಕೆ ಮುಂಚೆ ಪ್ಯಾರಿಸ್ಸಿನಲ್ಲಿದ್ದಾಗ ಮಾಡೆಲ್‌ಗೆ ಕೊಡೋಕೆ ದುಡ್ಡಿಲ್ದೆ ಕನ್ನಡಿ ನೋಡ್ಕೊಂಡು ತಮ್ಮ ಮುಖವನ್ನೇ ಮತ್ತೆ ಮತ್ತೆ ಬರೀತಿದ್ರು.

ಹದಿನೇಳನೇ ಶತಮಾನದ ಡಚ್ ಪೇಂಟರ್ ರೆಂಬ್ರಾಂಟ್ ಅವ್ರದ್ದು ಇನ್ನೂ ದೊಡ್ಡ ಕಥೆ. ಪೇಂಟಿಂಗು, ಎಚಿಂಗು (ಲೋಹದ ತಗಡಿನ ಮೇಲೆ ಗೀರಿ ಅಚ್ಚು ತೆಗೆಯೋ ಚಿತ್ರ), ಡ್ರಾಯಿಂಗು ಎಲ್ಲ ಸೇರಿ ಸುಮಾರು 80 ಸಲ ತಮ್ಮನ್ನ ತಾವೇ ಬರ್ಕೊಂಡ್ರು, ಹೆಚ್ಚುಕಮ್ಮಿ ನಲವತ್ತು ವರ್ಷ. 1630ರ ಸಣ್ಣಸಣ್ಣ ಎಚಿಂಗ್‌ಗಳಲ್ಲಿ ಕಣ್ಣು ಅರಳಿಸಿ, ಹುಬ್ಬು ಗಂಟಿಕ್ಕಿ, ಬಾಯಿ ಬಿಟ್ಟು, ಒಂದೊಂದು ಭಾವ ತಮ್ಮ ಮುಖದ ಮೇಲೇ ಪ್ರಾಕ್ಟೀಸ್ ಮಾಡಿದ್ದಾರೆ. ವಯಸ್ಸಾದ್ಮೇಲೆ ಬರೆದಿದ್ದೊಂದು ಲಂಡನ್ನಿನ ಕೆನ್‌ವುಡ್ ಹೌಸ್‌ನಲ್ಲಿದೆ, ಹಿಂದೆ ಗೋಡೆ ಮೇಲೆ ಎರಡು ದೊಡ್ಡ ವೃತ್ತ, ಮುಂದೆ ಪ್ಯಾಲೆಟ್, ಅಂದ್ರೆ ಬಣ್ಣ ಕಲಸೋ ಹಲಗೆ, ಹಿಡಿದ ಮುದುಕ. ಎಕ್ಸ್‌ರೇ ತೆಗೆದು ನೋಡಿದ್ರೆ ಬ್ರಷ್ ಮೊದ್ಲು ಎಡಗೈಯಲ್ಲಿತ್ತು, ಕನ್ನಡಿಯಲ್ಲಿ ಕಂಡ ಹಾಗೆ, ಆಮೇಲೆ ಅದನ್ನ ತಿದ್ದಿದ್ದಾರೆ. ಮುಖವನ್ನ ಮಾತ್ರ ಕನ್ನಡಿ ಕೊಟ್ಟ ಹಾಗೇ ಬಿಟ್ಟಿದ್ದಾರೆ. ನನಗೆ ಆ ಚಿತ್ರದಲ್ಲಿ ಇದೇ ತುಂಬ ಇಷ್ಟ, ಕೈ ಬರೀ ನಾಲ್ಕೈದು ಒರಟು ಗೀಟು, ಕಣ್ಣು ಅಂದ್ರೆ ನಮ್ಮನ್ನೇ ಕಾಯ್ತಾ ಕೂತಿರೋ ಕಣ್ಣು.

ಫೋಟೋ ಬಂದಾಗ್ಲೂ ಜನ ಮೊದ್ಲು ಮಾಡಿದ್ದು ಇದನ್ನೇ. 1839ರಲ್ಲಿ ಫಿಲಡೆಲ್ಫಿಯಾದಲ್ಲಿ ರಾಬರ್ಟ್ ಕಾರ್ನೀಲಿಯಸ್ ತಮ್ಮದೇ ಫೋಟೋ ತೆಕ್ಕೊಂಡ್ರು, ಕೆದರಿದ ಕೂದಲು, ಕಟ್ಟಿದ ಕೈ, ಫ್ರೇಮಿನ ನಡುವೆ ಇರದೆ ಸ್ವಲ್ಪ ಪಕ್ಕಕ್ಕೆ ಸರಿದ ಮುಖ. ಮರು ವರ್ಷ ಫ್ರಾನ್ಸಿನ ಇಪ್ಪೊಲಿಟ್ ಬಾಯಾರ್, ಫೋಟೋ ತೆಗೆಯೋ ತಮ್ಮ ಆವಿಷ್ಕಾರಕ್ಕೆ ಸರ್ಕಾರ ಬೆಲೆ ಕೊಡ್ಲಿಲ್ಲ ಅನ್ನೋ ಸಂಕಟಕ್ಕೆ, ನೀರಲ್ಲಿ ಮುಳುಗಿ ಸತ್ತವರ ಹಾಗೆ ಕೂತು ಫೋಟೋ ತೆಕ್ಕೊಂಡ್ರು. ಸೆಲ್ಫ್ ಪೋರ್ಟ್ರೇಟಲ್ಲಿ ಸುಳ್ಳು ಹೇಳಬಹುದು ಅನ್ನೋದು ಅಷ್ಟು ಬೇಗ ಗೊತ್ತಾಗಿತ್ತು.

ಈಗ ಸೆಲ್ಫಿ. ಆಕ್ಸ್‌ಫರ್ಡ್ ಡಿಕ್ಷನರಿಯವ್ರು 2013ರಲ್ಲಿ ಇದನ್ನ ವರ್ಷದ ಪದ ಅಂದ್ರು. ತೆಗೆಯೋವಾಗ ಸ್ಕ್ರೀನ್ ಕನ್ನಡಿ ಥರ ತೋರಿಸುತ್ತೆ, ಸೇವ್ ಆದಾಗ ಎಷ್ಟೋ ಫೋನುಗಳಲ್ಲಿ ಎಡಬಲ ತಿರುಗಿಬಿಡುತ್ತೆ, ಆಗ 'ಅಯ್ಯೋ ಇದು ನಾನಲ್ಲ' ಅನ್ಸುತ್ತೆ, ಪಕ್ಕದಲ್ಲಿರೋ ಫ್ರೆಂಡು 'ಸರಿಯಾಗೇ ಇದ್ಯಲ್ಲ' ಅಂತಾರೆ, ಯಾಕಂದ್ರೆ ಅವ್ರು ದಿನಾ ನೋಡೋದು ಆ ಮುಖವನ್ನೇ. ಮೂಗು ದಪ್ಪ ಕಾಣೋದಕ್ಕೂ ಕಾರಣ ಇದೆ. ಒಂದಡಿ ದೂರದಿಂದ ತೆಗೆದ್ರೆ ಕಿವಿಗಿಂತ ಮೂಗು ಕ್ಯಾಮೆರಾಗೆ ತುಂಬ ಹತ್ರ ಆಗುತ್ತೆ, ಐದಡಿ ಹಿಂದೆ ಹೋಗಿ, ಮೂಗು ತನ್ನ ಅಳತೆಗೆ ಬರುತ್ತೆ. ಅದಕ್ಕೇ ಸೆಲ್ಫಿ ನೋಡಿ ತಮ್ಮ ಮುಖವನ್ನ ಬೈಕೋಳೋ ಹುಡುಗರನ್ನ ಕಂಡ್ರೆ ನನಗೆ ನಿಜಕ್ಕೂ ಸಂಕಟ ಆಗುತ್ತೆ.

ಕೊನೇದಾಗಿ ವಿಲಿಯಂ ಉಟರ್ಮೋಲೆನ್. ಲಂಡನ್ನಿನಲ್ಲಿದ್ದ ಅಮೆರಿಕನ್ ಪೇಂಟರ್. 1995ರಲ್ಲಿ ಆಲ್‌ಝೈಮರ್ಸ್, ಅಂದ್ರೆ ನೆನಪು ಅಳಿಸಿಹೋಗೋ ಕಾಯಿಲೆ, ಅಂತ ಗೊತ್ತಾಯ್ತು, ಆಮೇಲೂ ವರ್ಷಗಟ್ಟಲೆ ತಮ್ಮ ಮುಖ ಬರೀತಾನೇ ಹೋದ್ರು. ಮೊದಮೊದಲ ಚಿತ್ರಗಳಲ್ಲಿ ಭಯ ಇದೆ, ಗುರುತು ಸಿಗುತ್ತೆ. ಆಮೇಲೆ ಕಣ್ಣು ಮೂಗು ಜಾಗ ತಪ್ತಾ ಹೋಗುತ್ತೆ, ಬಣ್ಣ ಕಮ್ಮಿಯಾಗುತ್ತೆ, ಕೊನೆಕೊನೆಗೆ ಒಂದು ತಲೆಯ ಆಕಾರ, ಒಳಗೆ ಪೆನ್ಸಿಲ್ಲಿನ ಅಳುಕು ಗೆರೆಗಳು. ಅಷ್ಟಾದ್ರೂ ಪೆನ್ಸಿಲ್ ಕೆಳಗಿಟ್ಟಿರಲಿಲ್ಲ.