ಒಂದು ತಂಡ, ಎರಡು ಹೈಟಿ

ಗೆಳೆಯರೇ, ಎಲ್ಲರಿಗೂ ನಮಸ್ಕಾರ. ಅಮೆರಿಕದ ಒಂದು ವಿದ್ಯಾರ್ಥಿ ನಾಟಕ ತಂಡ ಕೆರಿಬಿಯನ್ ಸಮುದ್ರದ ಹೈಟಿ ದೇಶವನ್ನು ಎರಡು ಬಗೆಯಲ್ಲಿ ರಂಗಕ್ಕೆ ತಂದ ಕಥೆ ಇದು.

ನಾಟಕಕ್ಕೆ ಬಣ್ಣ ಹಚ್ಚಿಕೊಳ್ಳುವುದು ಅಂದರೆ ನಮಗೆ ಸಂಭ್ರಮ. ಅಮೆರಿಕದ ಕಪ್ಪು ಜನರಿಗೆ ಮಾತ್ರ ಅದು ಗಾಯದ ನೆನಪು. ಹತ್ತೊಂಬತ್ತನೇ ಶತಮಾನದಲ್ಲಿ ಅಲ್ಲಿನ ಬಿಳಿಯ ನಟರು ಸುಟ್ಟ ಬಿರಡೆಯ ಮಸಿಯನ್ನು ಮುಖಕ್ಕೆ ಬಳಿದುಕೊಂಡು ಕಪ್ಪು ಜನರನ್ನು ಅಣಕಿಸುತ್ತಿದ್ದರು. ಮಿನ್‌ಸ್ಟ್ರೆಲ್ ಶೋ ಅಂತ ಅದಕ್ಕೆ ಹೆಸರು. ಜನ ದುಡ್ಡು ಕೊಟ್ಟು ನೋಡಿ ನಗುತ್ತಿದ್ದರು. ಮುಂದೆ ಕಪ್ಪು ನಟರಿಗೇ ರಂಗದ ಮೇಲೆ ಜಾಗ ಸಿಕ್ಕಾಗ, ಅವರಲ್ಲೂ ಕೆಲವರು ಅದೇ ಮಸಿ ಬಳಿದುಕೊಳ್ಳಬೇಕಾಯಿತು. ಸಿಗುತ್ತಿದ್ದ ಪಾತ್ರಗಳು ಹೆಚ್ಚಾಗಿ ಎರಡೇ. ಮನೆಯಾಳು, ಇಲ್ಲವೇ ಕೋಡಂಗಿ.

ಇಂಥ ಕಾಲದಲ್ಲಿ ವಾಷಿಂಗ್ಟನ್‌ನ ಹೋವರ್ಡ್ ವಿಶ್ವವಿದ್ಯಾಲಯದಲ್ಲಿ ಒಂದು ವಿದ್ಯಾರ್ಥಿ ತಂಡ ತಲೆಯೆತ್ತಿತು. ಹೋವರ್ಡ್ ಶುರುವಾದದ್ದು 1867ರಲ್ಲಿ, ಗುಲಾಮಗಿರಿ ಮುಗಿದ ಎರಡೇ ವರ್ಷಕ್ಕೆ. ಅಲ್ಲಿ ಮಾಂಟ್ಗೊಮರಿ ಗ್ರೆಗರಿ ಎಂಬ ಮೇಷ್ಟ್ರು, ತತ್ವಶಾಸ್ತ್ರ ಕಲಿಸುತ್ತಿದ್ದ ಅಲೇನ್ ಲಾಕ್ ಅವರ ಜೊತೆ ಸೇರಿ ಹೋವರ್ಡ್ ಪ್ಲೇಯರ್ಸ್ ತಂಡವನ್ನು ಕಟ್ಟಿದರು. ಕಪ್ಪು ಜನರ ಬದುಕನ್ನು ಕಪ್ಪು ಜನರೇ ಬರೆಯಬೇಕು, ಅವರೇ ಆಡಬೇಕು ಅನ್ನುವುದು ಗ್ರೆಗರಿಯವರ ಆಸೆ. ನಾಟಕ ಬರೆಯುವುದನ್ನೂ ರಂಗಸಜ್ಜಿಕೆಯನ್ನೂ ವೇಷಭೂಷಣವನ್ನೂ ಪಾಠವಾಗಿಯೇ ಇಟ್ಟರು.

1921ರಲ್ಲಿ ಈ ತಂಡ ಅಮೆರಿಕದ ಬಿಳಿಯ ನಾಟಕಕಾರ ಯೂಜಿನ್ ಓನೀಲ್ ಅವರ 'ಎಂಪರರ್ ಜೋನ್ಸ್' ಆಡಿತು. ಮುಖ್ಯ ಪಾತ್ರಕ್ಕೆ ನ್ಯೂಯಾರ್ಕ್‌ನಲ್ಲಿ ಅದೇ ಪಾತ್ರದಿಂದ ಹೆಸರು ಮಾಡಿದ್ದ ಚಾರ್ಲ್ಸ್ ಗಿಲ್ಪಿನ್ ಬಂದಿದ್ದರು. ಜೋನ್ಸ್ ಅನ್ನುವವನು ಜೈಲಿನಿಂದ ತಪ್ಪಿಸಿಕೊಂಡು ಒಂದು ದ್ವೀಪ ಸೇರುತ್ತಾನೆ. ಅಲ್ಲಿನ ಜನರಿಗೆ ಮೋಸ ಮಾಡಿ ಚಕ್ರವರ್ತಿಯಾಗುತ್ತಾನೆ. ಕೊನೆಗೆ ಜನ ತಿರುಗಿಬಿದ್ದಾಗ ಕಾಡಿಗೆ ಓಡುತ್ತಾನೆ. ದೂರದಲ್ಲಿ ನಗಾರಿ. ಮೊದಲು ಮನುಷ್ಯನ ನಾಡಿಯ ಲಯದಲ್ಲಿ, ನಿಮಿಷಕ್ಕೆ 72 ಪೆಟ್ಟು. ಆಮೇಲೆ ನಿಧಾನಕ್ಕೆ ಅದರ ವೇಗ ಏರುತ್ತಾ ಹೋಗುತ್ತದೆ. ಕೂತವರ ಎದೆಯೂ ಅದರ ಜೊತೆಗೇ ಓಡಬೇಕು. ನಾಟಕವಾಗಿ ಇದರ ಶಕ್ತಿ ದೊಡ್ಡದು, ಒಪ್ಪುತ್ತೇನೆ. ಆದರೆ ಆ ದ್ವೀಪದ ಹಿಂದೆ ಹೈಟಿಯ ನೆರಳಿದೆ. ಹೈಟಿಯ ದೊರೆ ಅಂದರೆ ಮೋಸಗಾರ, ಭಯಕ್ಕೆ ಕುಸಿದು ಬೀಳುವವನು. ಇದು ಹೊರಗಿನಿಂದ ಕಂಡ ಹೈಟಿ.

ಒಂದೆರಡು ವರ್ಷದೊಳಗೆ ಅದೇ ತಂಡ ಇನ್ನೊಂದು ಹೈಟಿಯನ್ನು ರಂಗಕ್ಕೆ ತಂದಿತು. ನಾನು ಇವತ್ತು ಹೇಳಬೇಕು ಅಂತ ಬಂದಿರುವುದೇ ಇದನ್ನು. ಈ ಸಲ ನಾಟಕ ಬರೆದವರು ಹೋವರ್ಡ್‌ನ ವಿದ್ಯಾರ್ಥಿನಿ ಹೆಲೆನ್ ವೆಬ್. ನಾಟಕದ ಹೆಸರು 'ಜೆನೆಫ್ರೀಡ್'. ನಾಟಕದಲ್ಲಿ ಅದು ಟೂಸಾಂ ಲೂವರ್ಚರ್‌ನ ಮಗಳ ಹೆಸರು.

ಟೂಸಾಂ ಯಾರು ಅಂತ ಸ್ವಲ್ಪ ಹೇಳಲೇಬೇಕು. ಗುಲಾಮನಾಗಿ ಹುಟ್ಟಿದವನು. ಹೈಟಿ ಆಗ ಫ್ರೆಂಚರ ವಸಾಹತು. 1791ರಲ್ಲಿ ಅಲ್ಲಿನ ಕಬ್ಬಿನ ತೋಟಗಳ ಗುಲಾಮರು ಬಂಡೆದ್ದಾಗ ಅವರ ಜೊತೆ ಸೇರಿದ. ಫ್ರೆಂಚರು, ಸ್ಪೇನಿನವರು, ಇಂಗ್ಲಿಷರು, ಮೂವರನ್ನೂ ಎದುರಿಸಿದ. ಇಡೀ ನಾಡು ಅವನ ಕೈಗೆ ಬಂತು. ಆದರೆ 1801ರಲ್ಲಿ ತೋಟದ ಕೆಲಸಗಾರರು ಅವನ ಆಳ್ವಿಕೆಯ ವಿರುದ್ಧವೇ ಎದ್ದರು. ಅವರ ಬೆನ್ನಿಗಿದ್ದಾನೆ ಎಂದು ಮೊಯಿಸ್ ಎಂಬ ಸೇನಾನಿಯ ಮೇಲೆ ಆರೋಪ ಬಂತು. ಮೊಯಿಸ್ ಬೇರೆ ಯಾರೂ ಅಲ್ಲ, ಟೂಸಾಂ ಸ್ವಂತದವನಂತೆ ಬೆಳೆಸಿದ ಹುಡುಗ. ಟೂಸಾಂ ಅವನನ್ನು ಗುಂಡಿಟ್ಟು ಕೊಲ್ಲಿಸಿದ. ಮುಂದಿನ ವರ್ಷ ಫ್ರೆಂಚರು ಟೂಸಾಂನನ್ನೇ ಮೋಸದಿಂದ ಹಿಡಿದು ಹಡಗು ಹತ್ತಿಸಿದರು. 1803ರಲ್ಲಿ ಫ್ರಾನ್ಸಿನ ಚಳಿಯ ಕೋಟೆಯೊಂದರಲ್ಲಿ ತೀರಿಕೊಂಡ. ಹೈಟಿ ಸ್ವತಂತ್ರವಾದದ್ದನ್ನು ಅವನು ನೋಡಲಿಲ್ಲ.

ಇಷ್ಟೆಲ್ಲ ಯುದ್ಧ, ಇಷ್ಟೆಲ್ಲ ಗೆಲುವು ಇದ್ದರೂ ಆ ವಿದ್ಯಾರ್ಥಿನಿ ಹೆಸರಿಟ್ಟದ್ದು ಮಗಳದು. ಕುದುರೆಯ ಮೇಲಿನ ಸೇನಾನಿಯನ್ನು ಯಾರಾದರೂ ಬರೆಯಬಹುದು. ಅವನ ಮನೆಯೊಳಗೆ ಹೋಗಿ ನಿಲ್ಲುವುದು ಕಷ್ಟ ಅಲ್ವಾ? ಮನೆಯೊಳಗಿಂದ ನೋಡಿದಾಗ ದೊರೆಗೆ ಬರೀ ಕಿರೀಟ ಇರುವುದಿಲ್ಲ, ಕರುಳೂ ಇರುತ್ತದೆ. ತಾನೇ ಬೆಳೆಸಿದ ಹುಡುಗನನ್ನು ಕೊಲ್ಲಿಸುವಂಥ ಸಂಕಟವನ್ನು ಕೋಡಂಗಿಗೆ ಯಾರೂ ಕೊಡುವುದಿಲ್ಲ. ದೊಡ್ಡ ತಪ್ಪು ಮಾಡುವ ಘನತೆಯೂ ಕೊಡುವುದಿಲ್ಲ. ಐತಿಹಾಸಿಕ ನಾಟಕ ಆ ಹುಡುಗ ಹುಡುಗಿಯರಿಗೆ ಕೊಟ್ಟದ್ದು ಇದನ್ನೇ ಅಂತ ನಾನು ನಂಬುತ್ತೇನೆ.

ಆಗ ಹೊರಗೆ ಏನಾಗುತ್ತಿತ್ತು ಅನ್ನುವುದನ್ನೂ ಮರೆಯಬಾರದು. 1915ರಿಂದ 1934ರವರೆಗೆ ಹೈಟಿಯಲ್ಲಿ ಅಮೆರಿಕದ ಸೇನೆಯೇ ಬೀಡುಬಿಟ್ಟಿತ್ತು. ಸೇನೆ ಕಳಿಸಿದ ಸರ್ಕಾರ ಇದ್ದದ್ದು ಇದೇ ವಾಷಿಂಗ್ಟನ್‌ನಲ್ಲಿ. 1922ರ ಮೇ 30ರಂದು ಊರಿನಲ್ಲಿ ಲಿಂಕನ್ ಸ್ಮಾರಕದ ಉದ್ಘಾಟನೆ ನಡೆಯಿತು. ಗುಲಾಮಗಿರಿ ತೊಡೆದವನ ಸ್ಮಾರಕ ಅದು. ಅಲ್ಲಿಯೂ ಕಪ್ಪು ಜನರನ್ನು ಬೇರೆಯಾಗಿ ಕೂರಿಸಿದರು. ಅದೇ ಊರಿನ ವಿದ್ಯಾರ್ಥಿಗಳು ಟೂಸಾಂನ ವೇಷ ತೊಟ್ಟರು. ಸುಮ್ನೆ ಕಾಲೇಜು ದಿನಾಚರಣೆಯ ನಾಟಕ ಅಲ್ಲ ಅದು.

'ಜೆನೆಫ್ರೀಡ್' ಅಲ್ಲಿಗೇ ಕಳೆದುಹೋಗಲಿಲ್ಲ. 1935ರಲ್ಲಿ ನಾಟಕಕಾರರಾದ ವಿಲ್ಲಿಸ್ ರಿಚರ್ಡ್‌ಸನ್ ಮತ್ತು ಮೇ ಮಿಲ್ಲರ್ ಇಬ್ಬರೂ ಕಪ್ಪು ಜನರ ಇತಿಹಾಸದ ಹದಿಮೂರು ನಾಟಕಗಳನ್ನು ಒಟ್ಟಿಗೆ ಅಚ್ಚು ಹಾಕಿಸಿದರು. ಅದರಲ್ಲಿ ಇದೂ ಸೇರಿತು. ಮೇ ಮಿಲ್ಲರ್ ಕೂಡ ಹೋವರ್ಡ್‌ನಲ್ಲೇ ಓದಿದವರು. ಆ ಸಂಕಲನಕ್ಕೆ ಅವರು ಹ್ಯಾರಿಯೆಟ್ ಟಬ್‌ಮನ್ ಬಗ್ಗೆ ಒಂದು ನಾಟಕ ಬರೆದರು. ತಾನು ತಪ್ಪಿಸಿಕೊಂಡ ಮೇಲೂ ಮತ್ತೆ ಮತ್ತೆ ವಾಪಸ್ ಹೋಗಿ ಗುಲಾಮರನ್ನು ಬಿಡಿಸಿಕೊಂಡು ಬಂದ ಹೆಂಗಸು ಟಬ್‌ಮನ್.

ಮೇ ಮಿಲ್ಲರ್ ಹೊಟ್ಟೆಪಾಡಿಗೆ ಬಾಲ್ಟಿಮೋರ್‌ನ ಒಂದು ಹೈಸ್ಕೂಲಿನಲ್ಲಿ ಪಾಠ ಹೇಳುತ್ತಿದ್ದರು. ಬಾಲ್ಟಿಮೋರ್ ಇರುವುದು ಮೇರಿಲ್ಯಾಂಡ್‌ನಲ್ಲಿ. ಟಬ್‌ಮನ್ ಹುಟ್ಟಿದ್ದೂ ಅದೇ ಮೇರಿಲ್ಯಾಂಡ್‌ನಲ್ಲಿ. ಆ ತರಗತಿಯ ಮಕ್ಕಳಿಗೆ ಅವಳು ಯಾವುದೋ ದೂರದ ದೇಶದವಳಲ್ಲ, ಚೆಸಪೀಕ್ ಕೊಲ್ಲಿಯ ಆಚೆ ದಡದವಳು.