ಕೊನೆಯ ಆರಡಿ ಮತ್ತು ಅದಿತಿ ಅಶೋಕ್

ಕೇಳುಗರಿಗೆಲ್ಲ ನಮಸ್ಕಾರ. ಗಾಲ್ಫ್ ಬಗ್ಗೆ ಮಾತಾಡ್ಲಿಕ್ಕೆ ಕರೆದಿದ್ದಾರೆ. ಈಗ ಎಷ್ಟೋ ಮನೆಯಲ್ಲಿ ಅಮ್ಮಂದಿರು ನೀರುದೋಸೆ ಹೊಯ್ತಾ ರೇಡಿಯೋ ಹಾಕಿಟ್ಟಿರ್ತೀರಿ, ಗಾಲ್ಫಾ, ಅದು ದುಡ್ಡಿದ್ದವರ ಆಟ ಅಂತ ಬಂದ್ ಮಾಡ್ಬೇಡಿ ಮಾರಾಯ್ರೆ, ನಾನು ಮಾತಾಡ್ಲಿಕ್ಕೆ ಬಂದದ್ದು ನಿಮ್ಮ ಹತ್ರವೇ, ನಿಮ್ಮ ಮಗಳ ವಿಷಯವೇ.

ಹೇಳ್ಲಿಕ್ಕೆ ಇರೋದು ಒಂದೇ ಮಾತು. ಗಾಲ್ಫಲ್ಲಿ ಗೆಲ್ಲಿಸೋದು ತೋಳಿನ ಬಲ ಅಲ್ಲ, ಪಟಿಂಗ್. ಗುಳಿಯ ಸುತ್ತ ನುಣ್ಣಗೆ ಕತ್ತರಿಸಿದ ಹುಲ್ಲು ಇರ್ತದಲ್ಲ, ಅದು ಗ್ರೀನ್, ಅದರ ಮೇಲೆ ಚೆಂಡನ್ನು ಮೆಲ್ಲ ಉರುಳಿಸಿ ಗುಳಿಗೆ ಹಾಕೋದೇ ಪಟಿಂಗ್. ಲೆಕ್ಕ ನೋಡಿ, 18 ಹೋಲ್, ಅಂದ್ರೆ 18 ಗುಳಿ, ಸಾಧಾರಣ ಕೋರ್ಸಲ್ಲಿ, ಅಂದ್ರೆ ಗಾಲ್ಫ್ ಮೈದಾನದಲ್ಲಿ, 72 ಹೊಡೆತಕ್ಕೆ ಮುಗಿಸ್ಬೇಕು ಅಂತ ಇಟ್ಟಿರ್ತಾರೆ, ಕಮ್ಮಿ ಹೊಡೆತದವರೇ ಗೆಲ್ಲೋದು, ಅದ್ರಲ್ಲಿ ಒಂದೊಂದು ಗ್ರೀನಿಗೆ 2 ಪಟ್ ಅಂತ 36 ಹೋಯ್ತು. ಅರ್ಧಕ್ಕರ್ಧ! ಆದ್ರೂ ಆಟ ಕಲೀಲಿಕ್ಕೆ ಮಕ್ಕಳನ್ನು ಕರ್ಕೊಂಡು ಬರುವ ಅಪ್ಪಂದಿರು ನನ್ನತ್ರ ಮೊದಲು ಕೇಳೋದು ಎಂತ ಗೊತ್ತುಂಟಾ, "ಮೇಡಂ, ಇವಳು ಎಷ್ಟು ದೂರ ಹೊಡೀಬಹುದು?" ದೂರ ಬಿಡಿ, ಕೊನೆಯ ಆರಡಿ ಕೇಳಿ.

ಅದಿತಿ ಅಶೋಕ್ ನಮ್ಮ ಬೆಂಗಳೂರಿನ ಹುಡುಗಿ, 1998ರಲ್ಲಿ ಹುಟ್ಟಿದ್ದು. ಮನೆಯಲ್ಲಿ ಯಾರೂ ಗಾಲ್ಫ್ ಆಡಿದವರಲ್ಲ, ಐದು ವರ್ಷ ಇರುವಾಗ ಕರ್ನಾಟಕ ಗಾಲ್ಫ್ ಅಸೋಸಿಯೇಶನ್ ಮೈದಾನ ನೋಡಿ ಹಠ ಹಿಡಿದು ಶುರು ಮಾಡಿದ್ಲು, ಅವಳೊಟ್ಟಿಗೆ ಅಪ್ಪನೂ ಕಲಿತ್ರು. ಅವಳ ವಿಷಯ ಹೇಳ್ಬೇಕಾದ್ರೆ ನಾನು 2021ರ ಆಗಸ್ಟ್ 7ನೇ ತಾರೀಕು ಹೇಳದೆ ಆಗೋದಿಲ್ಲ.

ಆಟಿ ತಿಂಗಳು, ಶನಿವಾರ, ಉಡುಪಿ ಹತ್ರ ನಮ್ಮ ತವರುಮನೆ, ಹೊರಗೆ ಮಳೆ ಅಂದ್ರೆ ಮಳೆ. ಟೋಕಿಯೋ ಒಲಿಂಪಿಕ್ಸ್, ಹೆಂಗಸರ ಗಾಲ್ಫಿನ ಕೊನೆಯ ದಿನ, ಬೆಳಕು ಹರಿಯುವ ಮೊದಲೇ ಟಿವಿ ಹಾಕಿ ಕೂತದ್ದು ನಾನು. ಅಮ್ಮ ಕಾಫಿ ಲೋಟ ಹಿಡ್ಕೊಂಡು ಬಂದು ಪಕ್ಕದಲ್ಲಿ ಕೂತ್ರು, ಆಟ ಎಂತದ್ದೂ ಗೊತ್ತಿಲ್ಲ ಅವರಿಗೆ. ಅದಿತಿ ಆಗ ವಿಶ್ವ ರ‍್ಯಾಂಕಿಂಗಲ್ಲಿ 200ನೇಯವಳು, ಮೂರು ದಿನ ಆಡಿ ಎರಡನೇ ಸ್ಥಾನದಲ್ಲಿದ್ದಾಳೆ! ಅದಕ್ಕೂ ಮೊದಲು ಕೊರೊನಾ ಬಂದು ಗುಣ ಆದವಳು, ಹೊಡೆತದಲ್ಲಿ ಮೊದಲಿನ ದೂರ ಇಲ್ಲ, ಪ್ರತಿ ಸಲ ಜೊತೆಯವರ ಚೆಂಡು ಮುಂದೆ, ಇವಳದ್ದು ಹಿಂದೆ. ಅಮ್ಮ ಕೇಳಿದ್ರು, "ಇವಳು ಹಿಂದೆಯೇ ಉಂಟಲ್ಲ ಮಗಾ, ಮತ್ತೆ ಎರಡನೇ ನಂಬ್ರ ಹೇಗೆ?" ಅಷ್ಟರಲ್ಲಿ ಅದಿತಿ ಗ್ರೀನಿಗೆ ಬಂದು ಕುಕ್ಕರುಗಾಲಲ್ಲಿ ಕೂತು ನೆಲ ನೋಡ್ಲಿಕ್ಕೆ ಶುರು ಮಾಡಿದ್ಲು, ಈಚೆಯಿಂದ ನೋಡಿದ್ಲು, ಆಚೆ ಹೋಗಿ ನೋಡಿದ್ಲು, ಆಮೇಲೆ ಮೆಲ್ಲ ತಟ್ಟಿದ್ಲು, ಚೆಂಡು ನೇರ ಹೋಗದೆ ಬಿಲ್ಲಿನ ಹಾಗೆ ಬಾಗಿ ಹೋಗಿ ಗುಳಿಗೆ ಬಿತ್ತು. ಅಮ್ಮ ತಕ್ಷಣ ಹೇಳಿದ್ದು, "ಓ, ನೀರು ಹೋಗುವ ಕಡೆ ನೋಡಿದ್ದಾ ಅವಳು!" ನೋಡಿ, ಇಷ್ಟೇ! ಇದನ್ನು ಮಕ್ಕಳಿಗೆ ಅರ್ಥ ಮಾಡಿಸ್ಲಿಕ್ಕೆ ನನಗೆ ತಿಂಗಳುಗಟ್ಟಲೆ ಬೇಕು, ಹುಟ್ಟಿದಾರಭ್ಯ ಅಂಗಳದಲ್ಲಿ ಮಳೆನೀರಿಗೆ ಕಣಿ ಮಾಡಿಕೊಟ್ಟ ಅಮ್ಮನಿಗೆ ಒಂದು ಪಟ್ ಸಾಕಾಯ್ತು.

ಅಲ್ಲಿಂದ ಮೇಲೆ ಅಮ್ಮ ಎದ್ದದ್ದೇ ಇಲ್ಲ, ಒಲೆ ಮೇಲೆ ಗಂಜಿ ಅದರಷ್ಟಕ್ಕೆ ಬೇಯ್ತಾ ಇತ್ತು. "ಬ್ಯಾಗ್ ಹೊತ್ಕೊಂಡು ಹೋಗುವ ಆ ಹೆಂಗಸು ಯಾರು?" ಅಂತ ಕೇಳಿದ್ರು. ಅದಿತಿಯ ಅಮ್ಮ ಅಂದೆ. 2016ರ ರಿಯೋ ಒಲಿಂಪಿಕ್ಸಲ್ಲಿ ಅಪ್ಪ ಹೊತ್ತದ್ದು, ಇಲ್ಲಿ ಅಮ್ಮ. ಸ್ವಲ್ಪ ಹೊತ್ತು ಅಮ್ಮ ಮಾತೇ ಆಡ್ಲಿಲ್ಲ. ಇನ್ನು ಕೆಲವೇ ಹೋಲ್ ಉಂಟು ಅನ್ನುವಾಗ ಅಲ್ಲಿ ಗುಡುಗು ಮಿಂಚು ಅಂತ ಆಟ ನಿಲ್ಲಿಸಿದ್ರು, ಇಲ್ಲಿ ನಮ್ಮಲ್ಲಿ ಕರೆಂಟ್ ಹೋಯ್ತು, ಕೊನೆಗೆ ನನ್ನ ಫೋನನ್ನು ಅಕ್ಕಿ ಡಬ್ಬಕ್ಕೆ ಒರಗಿಸಿಟ್ಟು ಇಬ್ಬರೂ ತಲೆ ತಾಗಿಸಿ ನೋಡಿದ್ದು. ಹದಿನೆಂಟನೇ ಗ್ರೀನ್, ಉದ್ದದ ಪಟ್, ಹೋಗ್ತಾ ಉಂಟು, ಹೋಗ್ತಾ ಉಂಟು, ಹೋಗ್ಲಿಲ್ಲ. ನಾಲ್ಕು ದಿನ, 269 ಹೊಡೆತ, ಕಂಚು ಗೆದ್ದವಳಿಗಿಂತ ಒಂದೇ ಒಂದು ಹೆಚ್ಚು. ನಾಲ್ಕನೇ ಸ್ಥಾನ. ಅಮೆರಿಕದ ನೆಲ್ಲಿ ಕೋರ್ಡಾಗೆ ಚಿನ್ನ. ಅದೇ ಸಂಜೆ ನೀರಜ್ ಚೋಪ್ರಾ ಚಿನ್ನ ಗೆದ್ರು, ಪಟಾಕಿ ಹೊಡೆದದ್ದೇ ಹೊಡೆದದ್ದು, ನನಗೂ ಖುಷಿಯೇ, ಆದ್ರೆ ಬೆಳಗ್ಗಿನ ಹುಡುಗಿಯನ್ನು ಊರಿಡೀ ಮರೆತದ್ದು ನನಗೆ ಈಗಲೂ ಬೇಜಾರುಂಟು.

ಅಯ್ಯೋ, ಟೈಮ್ ಆಯ್ತು ಅಂತ ಕೈ ಸನ್ನೆ ಮಾಡ್ತಿದ್ದಾರೆ. ಬೇಗ ಹೇಳ್ತೇನೆ. ಅದಿತಿ 2016ರ ಜನವರಿ 1ಕ್ಕೆ ಪ್ರೊಫೆಶನಲ್ ಆದ್ಲು, ಅದೇ ವರ್ಷ 18ನೇ ವಯಸ್ಸಿಗೆ ಒಲಿಂಪಿಕ್ಸ್, ಅದೇ ವರ್ಷ ಗುರುಗ್ರಾಮದಲ್ಲಿ ಇಂಡಿಯನ್ ಓಪನ್ ಗೆದ್ದು ಲೇಡೀಸ್ ಯುರೋಪಿಯನ್ ಟೂರಲ್ಲಿ, ಅಂದ್ರೆ ಯುರೋಪಿನ ಹೆಂಗಸರ ಪ್ರೊಫೆಶನಲ್ ಪಂದ್ಯಸರಣಿಯಲ್ಲಿ, ಗೆದ್ದ ಮೊದಲ ಭಾರತೀಯಳು. ಮರುವರ್ಷದಿಂದ ಅಂಥದ್ದೇ ಅಮೆರಿಕದ ಸರಣಿ, ಎಲ್‌ಪಿಜಿಎ ಟೂರ್. 2023ರಲ್ಲಿ ಕೀನ್ಯಾದಲ್ಲಿ ಗೆದ್ಲು, ಸ್ಪೇನಲ್ಲಿ ಗೆದ್ಲು. ಅದೇ ವರ್ಷ ಹಾಂಗ್‌ಝೌ ಏಷ್ಯನ್ ಗೇಮ್ಸಲ್ಲಿ 7 ಹೊಡೆತ ಮುಂದಿದ್ದವಳು ಕೊನೆಯ ದಿನ 77 ಹೊಡೆದು ಬೆಳ್ಳಿಗೆ ಇಳಿದ್ಲು, ಅಂಥ ದಿನವೂ ಬರ್ತದೆ, ಆದ್ರೂ ಏಷ್ಯಾಡ್ ಗಾಲ್ಫಲ್ಲಿ ಪದಕ ತಂದ ನಮ್ಮ ಮೊದಲ ಹೆಣ್ಣು ಅವಳೇ. ಈಗ ಮೈಸೂರಿನ ಪ್ರಣವಿ ಅರಸ್ ಕೂಡ ಯುರೋಪಲ್ಲಿ ಆಡ್ತಿದ್ದಾಳೆ, ಅವಳ ಬಗ್ಗೆ ಹೇಳ್ಲಿಕ್ಕೆ ತುಂಬ ಇತ್ತು, ಆಗ್ಲಿಲ್ಲ.

ಮಂಗಳೂರಿನವರಿಗೆ ಪಿಲಿಕುಳದಲ್ಲಿ ಕೋರ್ಸ್ ಉಂಟು, ಒಮ್ಮೆ ಮಗಳನ್ನು ಕರ್ಕೊಂಡು ಹೋಗಿ ತೋರಿಸಿ. ಅಲ್ಲಿವರೆಗೆ ಕಾಯೋದು ಬೇಡ, ಗಾಲ್ಫ್ ಗುಳಿಯ ಬಾಯಿ 108 ಮಿಲಿಮೀಟರ್, ಹೆಚ್ಚು ಕಮ್ಮಿ ಒಂದು ದೊಡ್ಡ ತೆಂಗಿನ ಗೆರಟೆಯಷ್ಟು. ಅಂಗಳದಲ್ಲಿ ಗೆರಟೆ ಹುಗಿದಿಡಿ, ಆರಡಿ ದೂರದಿಂದ ದಿನಕ್ಕೆ ಐವತ್ತು ಸಲ ಹಾಕ್ಲಿ ಮಗಳು. ದೂರ ಹೊಡೆಯೋದು ಮತ್ತೆ ಕಲಿಬಹುದು. ಗೆರಟೆಯ ಅಂಚು ಮಾತ್ರ ನೆಲದ ಮಟ್ಟಕ್ಕಿಂತ ಮೇಲೆ ಬರ್ಬಾರ್ದು, ಬಂದ್ರೆ ಚೆಂಡು ತಾಗಿ ವಾಪಸ್ ಬರ್ತದೆ. ನಮಸ್ಕಾರ.